ದೀಪ ಆರಿದೆಯೇ ನೋಡಿಕೊಳ್ಳಿ

ನಾನು ನಿಂತಿದ್ದದ್ದು ಭಾವನ ಹೊಲದ ಬೇವಿನ ಗಿಡದ ಕೆಳಗೆ, ಪಂಪಿನ ಮೋಟಾರಿನ ಸ್ಟಾರ್ಟರ್ ಡಬ್ಬಿಗೆ ನಾಲ್ಕು ಮಾರು ದೂರ. ಡಬ್ಬಿಯ ಬಾಗಿಲು ನನಗೆ ಎದುರಾಗಿತ್ತು. ಹೋದ ವರ್ಷ, ಮೆಕ್ಕೆಜೋಳಕ್ಕೆ ಎರಡನೇ ನೀರು ಹಾಯಿಸುವ ಹೊತ್ತು. ಮಧ್ಯಾಹ್ನ, ಇನ್ನೂ ಊಟವಾಗಿರಲಿಲ್ಲ. ಹೊಲ ಇರುವುದು ಚಿಗಟೇರಿಯ ದಾರಿಯಲ್ಲಿ. ಕಂಡದ್ದನ್ನು ಮಾತ್ರ ಕಂಡೆ ಎನ್ನುತ್ತೇನೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಮನೆಯಿಂದ ಫೋನಿನಲ್ಲೇ ಮೋಟಾರು ಶುರು ಮಾಡುವ, ನಿಲ್ಲಿಸುವ ಒಂದು ಸಣ್ಣ ಸರ್ಕ್ಯೂಟ್ ಬೋರ್ಡನ್ನು ಅವರೂ ಪಕ್ಕದ ಹೊಲದ ಯಜಮಾನರೂ ತರಿಸಿಕೊಂಡಿದ್ದರು. ಅದನ್ನು ನಡೆಸುವ ಸಾಫ್ಟ್‌ವೇರ್ ಮುಕ್ತವಾದದ್ದು. ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಿ ಕಳಿಸಬಹುದು. ಬೋರ್ಡನ್ನು ಸ್ಟಾರ್ಟರ್ ಡಬ್ಬಿಯೊಳಗೆ ಕೂಡಿಸುವುದು ಹೇಗೆ ಎಂದು ಹೇಳುವ ಪುಟಗಳೂ ಹಾಗೆಯೇ ಹತ್ತಾರು ಜನ ಬಿಡುವಿನಲ್ಲಿ ಬರೆದವು. ಕನ್ನಡದಲ್ಲೂ ಇದ್ದವು.

ಕೊಟ್ಟೂರಿನಲ್ಲಿ ನನ್ನದೊಂದು ಝೆರಾಕ್ಸ್, ಡಿಟಿಪಿ ಅಂಗಡಿ. ಲಗ್ನಪತ್ರಿಕೆಗಳ ಪ್ರೂಫ್ ತಿದ್ದಿ ತಿದ್ದಿ ಕಣ್ಣಿಗೆ ಅದೇ ಚಟ. ಆ ಪುಟಗಳಲ್ಲಿ ಬಿಟ್ಟುಹೋದ ಚಿತ್ರ, ಅದಲುಬದಲಾದ ಅಂಕಿ, ಎಲ್ಲಿಗೂ ಹೋಗದ ಕೊಂಡಿ ಕಂಡರೆ ತಿದ್ದಿ ಕಳಿಸುತ್ತಿದ್ದೆ. ಅಕ್ಕ ನಗುತ್ತಿದ್ದಳು. “ಊರ ಮಂದಿ ಪತ್ರಿಕಿ ಸಾಲ್ದು ಅಂತ ಈಗ ದೇಶದ ಮಂದೀದೂ ತಿದ್ದಾಕ ಹತ್ಯಾನ. ಯಾರ ಲಗ್ನಲೇ ಇದು?”

ಅಳವಡಿಕೆಯ ಪುಟಕ್ಕೆ ನಾನಿನ್ನೂ ಬಂದಿರಲಿಲ್ಲ. ಆ ದಿನ ಅದು ಭಾವನ ಫೋನಿನಲ್ಲಿ ತೆರೆದಿತ್ತು. ಪಕ್ಕದ ಹೊಲದ ಯಜಮಾನರು ಫೋನು ಹಿಡಿದು ಗಟ್ಟಿಯಾಗಿ ಓದುತ್ತಿದ್ದರು, ಭಾವ ಮಾಡುತ್ತಿದ್ದರು. “ಸೂಚಕ ದೀಪ ಆರಿದೆಯೇ ನೋಡಿಕೊಳ್ಳಿ. ಆರಿದ್ದರೆ ವಿದ್ಯುತ್ ಇಲ್ಲ. ಈಗ ಪೆಟ್ಟಿಗೆ ತೆರೆಯಿರಿ.”

“ಆರೇತಿ,” ಅಂದರು ಭಾವ. “ಲೈಟ್ ಹೋಗಿ ಭಾಳ ಹೊತ್ತಾತು. ಮುಂದ ಓದ್ರಿ.”

ಇಲ್ಲಿ ನಮ್ಮ ಕಡೆಯ ರೂಢಿಯನ್ನು ಹೇಳಬೇಕು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಬರುವುದು ದಿನಕ್ಕೆ ಕೆಲವೇ ತಾಸು. ಬಂದಾಗ ನೀರು, ಹೋದಾಗ ರಿಪೇರಿ. ಕರೆಂಟ್ ಇರುವಾಗ ಮೇನ್ ಸ್ವಿಚ್ ಇಳಿಸಿ ಡಬ್ಬಿ ಬಿಚ್ಚುವವನನ್ನು ಊರು ಹುಚ್ಚ ಎನ್ನುತ್ತದೆ. ಜೊತೆಗೆ ಎಲ್ಲರ ಡಬ್ಬಿಯಲ್ಲೂ ಆಟೋ ಸ್ವಿಚ್ ಸದಾ ಹಾಕಿಯೇ ಇರುತ್ತದೆ, ಕರೆಂಟ್ ಬಂದ ಕೂಡಲೇ ಮೋಟಾರು ತಾನೇ ಎದ್ದುಕೊಳ್ಳಲೆಂದು. ಆದ್ದರಿಂದ ಮೇನ್ ಇಳಿಸಿದೆಯಾ ಎಂದು ಅಲ್ಲಿದ್ದ ಯಾರೂ ಕೇಳಲಿಲ್ಲ. ಲೈಟ್ ಹೋದ ಮೇಲೆ ಅದನ್ನು ಕೇಳುವ ಪದ್ಧತಿಯೇ ಇಲ್ಲ.

ಭಾವ ಬಲಗೈ ಒಳಗಿಟ್ಟಿದ್ದರು. ಅಕ್ಕ ರೊಟ್ಟಿಯ ಗಂಟು ಹಿಡಿದು ಬದುವಿನ ಮೇಲೆ ಬರುತ್ತಿದ್ದಳು. ದೀಪ ಹತ್ತಿದ್ದು ಕಂಡೆ. ಡಬ್ಬಿಯಲ್ಲಿ ಖಟ್ ಎಂದದ್ದು ಕೇಳಿದೆ. ಯಾವುದು ಮೊದಲು ಎಂದು ಇವತ್ತಿಗೂ ಹೇಳಲಾರೆ. ಭಾವ ಹಿಂದಕ್ಕೆ ಹಾರಿ ಕಾಲುವೆಯ ಮಣ್ಣಿನ ಮೇಲೆ ಬಿದ್ದರು. ಪೈಪಿನ ಬಾಯಿಂದ ನೀರು ಬರತೊಡಗಿತು, ಅವರ ಕಾಲು ನೆನೆಯಿತು. ಯಜಮಾನರು ಓಡಿಹೋಗಿ ಬಡಿಗೆಯಿಂದ ಮೇನ್ ಇಳಿಸಿದರು. ನಾನು ಗಿಡದ ಕೆಳಗಿನಿಂದ ಕದಲಿದ್ದು ಆಮೇಲೆ.

ಭಾವ ಬದುಕಿದರು. ತೋರುಬೆರಳು, ನಡುಬೆರಳು ಸುಟ್ಟವು, ಈಗಲೂ ಪೂರ್ತಿ ಮಡಚುವುದಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಅವರು ಆ ಡಬ್ಬಿಯ ಹತ್ತಿರ ಹೋಗಲಿಲ್ಲ. ಮೋಟಾರು ನೋಡಿಕೊಳ್ಳಲು ಅಕ್ಕನೇ ಹೋಗುತ್ತಿದ್ದಳು. “ತಪ್ಪು ನಂದು. ಪುಸ್ತಕದ ಮ್ಯಾಲೆ ಯಾಕ ಹಾಕ್ತಿ?” ಎಂದು ಭಾವ ಹೇಳುತ್ತಿದ್ದರು.

ನನಗೆ ಹಾಗನ್ನಿಸಲಿಲ್ಲ. ಅದೇ ಬೋರ್ಡನ್ನು ಯಜಮಾನರು ಹೊಳಲಿನಲ್ಲಿರುವ ತಮ್ಮ ಬೀಗರಿಗೂ ಕೊಡಿಸಿದ್ದರು. ಅವರಿಗೆ ಫೋನು ಮಾಡಿ ಹೇಳಿದೆವು. ಆದರೆ ನನಗೆ ಗುರುತಿಲ್ಲದವರಿಗೆ ಯಾರು ಹೇಳಬೇಕು? ಆ ಪುಟದ ಸಾಲೇ ಹೇಳಬೇಕು. ಇನ್ನೊಂದು ಕೈ ಒಳಗೆ ಹೋಗುವ ಮೊದಲು ಅದು ಬದಲಾಗಬೇಕು.

ತಿದ್ದಿ ಕಳಿಸಿದೆ. “ದೀಪವನ್ನು ನಂಬಬೇಡಿ. ಆಟೋ ಸ್ವಿಚ್ ಆರಿಸಿ. ಮೇನ್ ಇಳಿಸಿ. ಮೂರೂ ಫ್ಯೂಸ್ ಕಿತ್ತು ನಿಮ್ಮ ಜೇಬಿನಲ್ಲಿಟ್ಟುಕೊಳ್ಳಿ. ಆಮೇಲೆ ಪೆಟ್ಟಿಗೆ ತೆರೆಯಿರಿ.” ಇಂಗ್ಲಿಷ್ ಪುಟದಲ್ಲೂ ಅದೇ ಸಾಲಿದ್ದುದರಿಂದ ಅದಕ್ಕೂ ಕಳಿಸಿದೆ. ನನ್ನ ಇಂಗ್ಲಿಷ್ ಲಗ್ನಪತ್ರಿಕೆಯ ಇಂಗ್ಲಿಷ್, ಎಲ್ಲರನ್ನೂ ಸವಿನಯವಾಗಿ ಕರೆಯುವಂಥದ್ದು. ಪುಟಗಳನ್ನು ನೋಡಿಕೊಳ್ಳುವವರಲ್ಲಿ ಒಬ್ಬರು ಮರುದಿನವೇ ಉತ್ತರ ಬರೆದರು. ಕೆಲಸ ಮಾಡುವವನು ವಿದ್ಯುತ್ ಕಡಿದೇ ಮಾಡುತ್ತಾನೆ, ದೀಪ ನೋಡುವುದು ಖಾತ್ರಿಗಾಗಿ ಅಷ್ಟೇ, ಒಂದು ಊರಿನ ಅಭ್ಯಾಸಕ್ಕಾಗಿ ಎಲ್ಲರ ಪುಟ ಬದಲಿಸಲಾಗದು ಎಂದು. ಸಭ್ಯವಾದ ಉತ್ತರ. ತಿದ್ದುಪಡಿಯನ್ನು ಮುಚ್ಚಿದರು.

ಒಂದು ಊರೋ ಅಲ್ಲವೋ ಎಂಬುದು ಕೇಳಿ ತಿಳಿಯಬಹುದಾದ ಸಂಗತಿ. ಅಂಗಡಿಗೆ ಪಹಣಿ ತೆಗೆಸಲು, ಆಧಾರ್ ಪ್ರತಿ ಮಾಡಿಸಲು ಸುತ್ತಲಿನ ತಾಲ್ಲೂಕಿನವರು ಬರುತ್ತಾರೆ. ಬಂದವರಿಗೆಲ್ಲ ಒಂದೇ ಪ್ರಶ್ನೆ ಹಾಕತೊಡಗಿದೆ: ಮೋಟಾರಿನ ಡಬ್ಬಿ ಯಾವಾಗ ಬಿಚ್ಚುತ್ತೀರಿ?

“ಲೈಟ್ ಹೋದಾಗ. ಮತ್ಯಾವಾಗ್ರಿ?” ಅಂದರು ಹಡಗಲಿ ಕಡೆಯ ಒಬ್ಬ ಹಿರಿಯರು. “ಇದ್ದಾಗ ನೀರ ಬಿಡ್ಲೋ, ಡಬ್ಬಿ ಬಿಚ್ಲೋ?”

ಕಾನಹೊಸಹಳ್ಳಿಯ, ಕುರಿಯೂ ಹೊಲವೂ ಇದ್ದವರೊಬ್ಬರಿಗೆ ಅನುಮಾನ ಬಂತು. “ಯಾಕ್ರಿ, ಇದೇನು ಸರ್ಕಾರದ್ದೇನು? ಮೀಟರ್ ಕೂಡ್ರಿಸ್ತಾರೇನು?” ಅಲ್ಲ ಎಂದು ನಂಬಿಸಲು ಚಹಾ ತರಿಸಬೇಕಾಯಿತು. ಹಗರಿಬೊಮ್ಮನಹಳ್ಳಿಯಿಂದ ಗಂಡನ ಜೊತೆ ಬಂದ ಹೆಣ್ಣುಮಗಳೊಬ್ಬಳು, ಗಂಡ ಬಾಯಿ ತೆರೆಯುವ ಮೊದಲೇ ಹೇಳಿದಳು: “ಇವ್ರಿಗೆ ಬಿಚ್ಚೋದಷ್ಟ ಗೊತ್ತು ನೋಡ್ರಿ. ತಿರುಗಿ ಕೂಡ್ಸೋಳು ನಾನು. ನಾನೂ ಲೈಟ್ ಹೋದಾಗ್ಲೇ ಕೂಡ್ಸೋದು.” ಗಂಡ, “ಹೌದ್ರಿ, ಇಕಿನ ನಮ್ಮನಿ ಲೈನ್‌ಮನ್,” ಎಂದು ನಕ್ಕ.

ಯಾರೊಬ್ಬರೂ ಬೇರೆ ಉತ್ತರ ಕೊಡಲಿಲ್ಲ. ಅದನ್ನೇ ಬರೆದು ಕಳಿಸಿದೆ. ನಾನು ಎಲ್ಲಿ ನಿಂತಿದ್ದೆ, ಏನು ಕಂಡೆ, ಯಾವುದನ್ನು ಕಾಣಲಿಲ್ಲ, ಯಾರು ಯಾವ ಸಾಲು ಓದಿದಾಗ ಕೈ ಎಲ್ಲಿತ್ತು. ಸಿಟ್ಟಿನ ಮಾತು ಬಂದಲ್ಲೆಲ್ಲ ಅಳಿಸಿದೆ.

ಈ ಸಲ ಬೇರೆ ದೇಶದ ಇನ್ನೊಬ್ಬರು ನಡುವೆ ಮಾತಾಡಿದರು. ತಮ್ಮ ಗುಡ್ಡದ ಊರಿನಲ್ಲೂ ಕರೆಂಟ್ ಹೋದಾಗಲೇ ಕೆಲಸ, ತಮಗೂ ಹೀಗೇ ಒಮ್ಮೆ ಶಾಕ್ ಹೊಡೆದಿತ್ತು ಎಂದರು. ಮೊದಲು ಬೇಡವೆಂದವರು ಒಪ್ಪಿದರು. ಆದರೆ ಎಚ್ಚರಿಕೆಯನ್ನು ಪುಟದ ಕೊನೆಯಲ್ಲಿ ಹಾಕಿದರು.

ನಾನು ಮತ್ತೆ ಬರೆದೆ. ಕೈಯಲ್ಲಿ ಪಕ್ಕಡ, ಸ್ಕ್ರೂಡ್ರೈವರ್ ಹಿಡಿದವನು ‘ತೆರೆಯಿರಿ’ ಎಂಬ ಸಾಲಿಗಿಂತ ಮುಂದೆ ಓದುವುದಿಲ್ಲ. ಅಲ್ಲಿಗೆ ಓದು ನಿಂತು ಕೆಲಸ ಶುರುವಾಗುತ್ತದೆ. ಎಚ್ಚರಿಕೆ ಅದಕ್ಕಿಂತ ಮೇಲಿರಬೇಕು. ಉತ್ತರ ಬರಲಿಲ್ಲ. ವಾರ ಬಿಟ್ಟು ಮತ್ತೆ ಬರೆದೆ. ಅಕ್ಕ ಈಗ ನಗುತ್ತಿರಲಿಲ್ಲ, “ಹಾಕಿದ್ರೇನೋ?” ಎಂದು ಫೋನಿನಲ್ಲಿ ಕೇಳುತ್ತಿದ್ದಳು. ಮೂರನೆಯ ಸಲ ಬರೆದ ಮೇಲೆ ಸಾಲು ಮೇಲೆ ಹೋಯಿತು, ಎರಡೂ ಭಾಷೆಯಲ್ಲಿ.

ಅಂಗಡಿಯ ಪ್ರಿಂಟರಿನಲ್ಲಿ ಆ ಪುಟವನ್ನು ದಪ್ಪ ಅಕ್ಷರದಲ್ಲಿ ತೆಗೆದುಕೊಂಡು ಹೊಲಕ್ಕೆ ಹೋದೆ. ಭಾವನ ಮುಂದೆ ಹಿಡಿದೆ. ಅವರು ಸಾಲಿನ ಮೇಲೆ ಬೆರಳಿಟ್ಟು ಓದಿದರು.

“ಜೇಬಿನ್ಯಾಗ ಇಟ್ಕೊಳ್ರಿ ಅಂತ ಐತಲ್ಲ. ನಾ ಉಟ್ಟಿರೋದು ಪಂಜಿ. ಜೇಬೆಲ್ಲೈತೋ?”

“ಅಂಗಿಗಿಲ್ಲೇನ್ರಿ ಭಾವಾ?”

“ಓದು ಹಂಗಾದ್ರ.”

ನಾನು ಓದಿದೆ. ಅವರು ಆಟೋ ಆರಿಸಿದರು, ಮೇನ್ ಇಳಿಸಿದರು, ಮೂರು ಫ್ಯೂಸ್ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡರು. ಮಡಚದ ಬೆರಳುಗಳ ಕೈಯಿಂದಲೇ ಬಾಗಿಲು ತೆಗೆದು, ಅಂದು ಅರ್ಧಕ್ಕೇ ನಿಂತಿದ್ದ ಬೋರ್ಡನ್ನು ಕೂಡಿಸತೊಡಗಿದರು. ಅರ್ಧ ಕೆಲಸವಾಗಿತ್ತು. ಪಕ್ಕದ ಹೊಲದ ಮೋಟಾರು ಒಮ್ಮೆಲೇ ಗುಂಯ್ಯೆಂದು ಎದ್ದಿತು. ಕರೆಂಟ್ ಬಂದಿತ್ತು. ಭಾವನ ಕೈ ಡಬ್ಬಿಯ ಒಳಗೇ ಇತ್ತು. ಅವರು ಅದನ್ನು ತೆಗೆಯಲಿಲ್ಲ. ದೀಪ ಹತ್ತಲಿಲ್ಲ. ಉಳಿದ ಎರಡು ತಂತಿ ಬಿಗಿದು, ಆಮೇಲೆ ಕೈ ಹೊರಗೆ ತಂದರು.

ಮೊದಲ ದಿನವನ್ನೂ ಈ ದಿನವನ್ನೂ ಕಂಡವರು ನಾನಲ್ಲದೆ ಮೂವರು. ಬದುವಿನ ಮೇಲೆ ನಿಂತಿದ್ದ ಅಕ್ಕ. ತಮ್ಮ ಮೋಟಾರು ಬಿಟ್ಟು ಓಡಿಬಂದ ಪಕ್ಕದ ಹೊಲದ ಯಜಮಾನರು. ಮತ್ತು ಭಾವ. ಮೂವರೂ ಬದುಕಿದ್ದಾರೆ, ಕೇಳಿ ನೋಡಬಹುದು.