ಫೋನಿನ ಬಾಯಿಗೆ ಹೋದ ನನ್ನ ಒಡಪು

ಮೊಮ್ಮಕ್ಕಳೇ, ಗುಂಡ್ಯಾ, ಚಿಮಣಿ, ಫೋನು ನನ್ನ ಹಾಗೆ ಮಾತಾಡುತ್ತದೆ ಎಂದು ನೀವು ನಗುತ್ತೀರಿ. ನನ್ನ ಹಾಗಲ್ಲ, ಅದು ನನ್ನದೇ ದನಿ. ಹೇಗೆ ಹೋಯಿತೆಂದು ಎದುರಿಗೆ ಹೇಳಲು ನನಗೆ ಸಂಕೋಚ, ಅದಕ್ಕೇ ಬರೆಯುತ್ತಿದ್ದೇನೆ.

ಔರಾದಿನ ನಮ್ಮ ಮಹಿಳಾ ಸಂಘಕ್ಕೆ ಒಬ್ಬ ಹುಡುಗಿ ಬಂದಳು, ಫೋನಿಗೆ ನಮ್ಮ ಮಾತು ಕಲಿಸುವ ಕಂಪನಿಯವಳು. ಉಳಿದವರು ದನ ಕರೆಯುವುದು, ಮಕ್ಕಳನ್ನು ಬೈಯುವುದು ಎಲ್ಲ ಹೇಳಿದರು. ನಾನು ಮೂಲೆಯಲ್ಲಿದ್ದೆ.

"ಅಮ್ಮಾ, ನೀವೊಂದು ಒಡಪು ಹೇಳ್ರಿ" ಎಂದಳು.

ಗಂಡನ ಹೆಸರನ್ನು ನಾವು ಸುಮ್ಮನೆ ಬಾಯಲ್ಲಿ ತರುವುದಿಲ್ಲ. ಒಡಪಿನ ಪ್ರಾಸದೊಳಗೆ ಕೂಡಿಸಿ ಹೇಳುತ್ತೇವೆ. ಗಂಡ ಸತ್ತವಳನ್ನು ಒಡಪು ಹೇಳೆಂದು ಯಾರೂ ಕೇಳುವುದಿಲ್ಲ. ಇವಳು ಕೇಳಿದಳು. ನನ್ನ ಮದುವೆಗೆ ನಾನೇ ಕಟ್ಟಿದ್ದನ್ನು, ನಿಮ್ಮ ಅಜ್ಜನ ಹೆಸರಿನ ಸಮೇತ ಹೇಳಿಬಿಟ್ಟೆ. ಒಪ್ಪಿಗೆ ಎಂದು ಅವಳು ತನ್ನ ಫೋನಿನಲ್ಲಿ ತೋರಿಸಿದ ಕಡೆ, ಓದದೆಯೇ ಬೆರಳೂ ಒತ್ತಿದೆ.

ಮುಂದೆ ಭಾಲ್ಕಿಯಲ್ಲಿ ನನ್ನ ತಮ್ಮನ ಮಗನ ಮದುವೆ. ಮದುಮಗನ ತಂಗಿ ಹೊಸ್ತಿಲಿಗೆ ಅಡ್ಡ ನಿಂತಳು.

"ಹೆಸರು ಹೇಳಲಾರದೆ ಒಳಗ ಬಿಡಲ್ಲ ನೋಡ್ರಿ ವೈನಿ!"

ಮದುಮಗಳು ನಕ್ಕು ಫೋನು ಎತ್ತಿ ಹಿಡಿದಳು. "ಕಡ್ಲಿ ಗಿಡದ ಮ್ಯಾಲ ಹುಳಿ ಇಬ್ಬನಿ ಹನಿ..." ಎಂದಿತು ಅದು. ನನ್ನ ದನಿ, ನನ್ನ ಸಾಲು. ಅಜ್ಜನ ಹೆಸರಿದ್ದಲ್ಲಿ ಆ ಹುಡುಗನ ಹೆಸರು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಮುದುಕಿ ಭಾರಿ ಹೇಳ್ತಾಳ ಬಿಡು" ಎಂದ ಒಬ್ಬ. ನಾನು ಅವನ ಹಿಂದೆಯೇ ನಿಂತಿದ್ದೆ.

ನಾಚಿಕೆ ನುಂಗಿಕೊಂಡು ಬೀದರಿನ ಕಂಪನಿಯ ಕಚೇರಿಗೆ ಹೋದೆ.

"ನಂದು ನನಗ ವಾಪಸ್ ಕೊಡ್ರಿ ಸಾಹೇಬ್ರ."

"ಅದು ಈಗ ಕಂಪನಿದು ಅದ ಅಮ್ಮಾ. ನೀವ ಬೆರಳು ಒತ್ತೀರಲ್ರಿ."

"ಅದರಾಗ ನಮ್ಮ ಮನಿಯವರ ಹೆಸರು ಅದ್ರಿ."

"ಹೆಸರು ತೆಗದೀವ್ರಿ. ಆ ಜಾಗಾ ಖಾಲಿ ಅದ, ಯಾರದ ಬೇಕಾದ್ರೂ ಹಾಕಬಹುದು." ಆಮೇಲೆ ದೊಡ್ಡ ಮನಸ್ಸು ಮಾಡಿ, "ನಿಮಗ ಬೇಕಂದ್ರ ರಿಯಾಯ್ತಿಯೊಳಗ ಕೊಡ್ತೀವ್ರಿ" ಎಂದ.

ನನ್ನ ದನಿ, ನನಗೇ ರಿಯಾಯ್ತಿಯಲ್ಲಿ! ಹಿಂದೆ ಹೊಲ ನುಂಗುವವರು ಹೊಲದ ತನಕವಾದರೂ ಬಂದು ಜಗಳ ಆಡುತ್ತಿದ್ದರು. ಇವರು ಚಾಪೆಯ ಮೇಲೆ ಕೂತು, ಅಮ್ಮಾ ಎಂದು ಕರೆದು, ಚಹಾ ಕುಡಿದು ಹೋದರು. ಅಷ್ಟು ದೊಡ್ಡ ಕಂಪನಿ, ಅಷ್ಟೊಂದು ಯಂತ್ರ, ಸ್ವಂತವಾಗಿ ಎರಡು ಸಾಲು ಕಟ್ಟಲಾರದು. ಇದಕ್ಕೆ ಬುದ್ಧಿ ಎಂದು ಹೆಸರಿಟ್ಟಿದ್ದಾರಂತೆ.

ಕೊನೆಯ ಹಾಳೆಯಲ್ಲಿ ಒಡಪು ಪೂರ್ತಿ ಇದೆ. ಅಜ್ಜನ ಹೆಸರನ್ನು ಮೊದಲ ಸಲ ನನ್ನ ಕೈಯಾರೆ ಬರೆದಿದ್ದೇನೆ. ಅದರ ಫೋಟೋ ಹೊಡೆಯಬೇಡಿ, ಫೋನಿನ ಮುಂದೆ ಓದಬೇಡಿ. ಈ ಹಾಳೆಗಳನ್ನು ನನ್ನ ಮದುವೆಯ ಸೀರೆಯ ಮಡಿಕೆಯಲ್ಲಿ, ನುಸಿ ಹಿಡಿಯದಂತೆ ಜೋಪಾನವಾಗಿ ಇಡಿ.