ಧ್ರುವ ಸಮ್ಮೇಳನಕ್ಕೆ ಹೋದ ಬೋರ್‌ವೆಲ್ ಪೈಪು

ನನ್ನ ಸೋದರಮಾವನಿಗೆ ತಿಪಟೂರಿನಲ್ಲಿ ಬೋರ್‌ವೆಲ್ ಸಾಮಾನಿನ ಅಂಗಡಿ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಅಂಟಾರ್ಟಿಕಾದ ಸುತ್ತ ಕಡಲು ಹೆಪ್ಪುಗಟ್ಟುವುದರ ಬಗ್ಗೆ ಸಂಶೋಧನೆ ಮಾಡುತ್ತಿದ್ದೆ. ಎಲ್ಲ ಉಪಗ್ರಹದ ಚಿತ್ರಗಳಲ್ಲಿ ನೋಡಿದ್ದು. ಐಸ್‌ಕ್ಯಾಂಡಿ ಬಿಟ್ಟರೆ ಬೇರೆ ಹಿಮ ಮುಟ್ಟಿದವಳಲ್ಲ. ಯುರೋಪಿನ ಧ್ರುವ ಸಂಶೋಧಕರ ಸಮ್ಮೇಳನಕ್ಕೆ ಹೊಸಬರನ್ನು ಅವರೇ ಖರ್ಚು ಕೊಟ್ಟು ಕರೆಸುತ್ತಾರೆಂದು ತಿಳಿದು ಅರ್ಜಿ ಹಾಕಿದೆ, ಆಯ್ಕೆಯಾದೆ. ಅಲ್ಲಿ ಪೋಸ್ಟರ್ ಮುಂದೆ ನಿಂತು ತಮ್ಮ ಕೆಲಸ ವಿವರಿಸುವ ಹೊಸಬರಲ್ಲಿ ಒಬ್ಬರನ್ನು ಅಂಟಾರ್ಟಿಕಾಕ್ಕೆ ಹೊರಡುವ ಹಡಗಿಗೆ ಆರಿಸುತ್ತಿದ್ದರು. ನನಗೆ ಆ ಹಡಗು ಬೇಕಿತ್ತು.

ಹೊರಡುವ ಮುಂಚೆ ಊರಿಗೆ ಬಂದಾಗ ಮಾವ ನನ್ನ ಪೋಸ್ಟರಿನ ಸುರುಳಿ ನೋಡಿ ಗದರಿದ.

"ಲೇ, ಕಾಗ್ದ ಕಣೇ ಇದು! ಮಳೇಲಿ ನೆಂದ್ರೆ ಏನ್ ತೋರಿಸ್ತೀಯಾ, ನಿನ್ ಮುಖಾನಾ? ಕೊಡಿಲ್ಲಿ."

ಅಂಗಡಿಯ ದಪ್ಪ ಪಿವಿಸಿ ಪೈಪಿನ ತುಂಡಿನೊಳಗೆ ಸುರುಳಿ ತೂರಿಸಿ, ಎರಡೂ ತುದಿಗೆ ಮುಚ್ಚಳ ಹಾಕಿ, ಹೆಗಲಿಗೆ ತೂಗಿಕೊಳ್ಳಲು ನಾರಿನ ಹಗ್ಗ ಕಟ್ಟಿಕೊಟ್ಟ. "ತಗೋ. ಸಮುದ್ರಕ್ಕೆ ಬಿದ್ರೂ ಒಂದ್ ತೊಟ್ಟು ನೀರು ಒಳಕ್ಕೆ ಹೋಗಾಕಿಲ್ಲ."

ಸಮ್ಮೇಳನದ ಬೆಳಿಗ್ಗೆ ಮುಚ್ಚಳ ತಿರುಗಿಸಿದರೆ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಎಳೆದೆ, ಗುದ್ದಿದೆ. ಅಯ್ಯೋ ಪಾಪಿ ಮಾವ! ಬೋರಿನ ಪೈಪು ಜೋಡಿಸುವ ಹಾಗೆ ಎರಡೂ ಕಡೆ ಸಲ್ಯೂಷನ್ ಬಳಿದು ಅಂಟಿಸಿಬಿಟ್ಟಿದ್ದ. ಅದು ಒಣಗಿದ ಮೇಲೆ ಬಿಡಿಸುವ ಮಾತೇ ಇಲ್ಲ. ಅಕ್ಕಪಕ್ಕದವರೆಲ್ಲ ಪೋಸ್ಟರ್ ಹಾಕಿ ನಿಂತಿದ್ದರು, ನನ್ನ ಹಲಗೆ ಖಾಲಿ. ಆರಿಸುವವರು ಸಾಲಿನ ಆ ತುದಿಯಿಂದ ಹೊರಟಾಗಿತ್ತು. ಅಳು ಬಂತು. ಅಳುವಿಗಿಂತ ಹೆಚ್ಚು ಸಿಟ್ಟು ಬಂತು, ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ.

ಹೊಸಬರನ್ನು ನೋಡಿಕೊಳ್ಳಲೆಂದೇ ಇದ್ದ ಹಿರಿಯ ವಿಜ್ಞಾನಿಯೊಬ್ಬರು, ನರೆಗೂದಲಿನ ಹೆಂಗಸು, ನನ್ನ ಅವಸ್ಥೆ ನೋಡಿ ರಟ್ಟೆ ಹಿಡಿದು ಉಪಕರಣಗಳ ಮಳಿಗೆಗೆ ಎಳೆದುಕೊಂಡು ಹೋದರು. ಅಲ್ಲಿ ಹಿಮ ಕೊಯ್ಯುವ ಗರಗಸವೊಂದನ್ನು ಪ್ರದರ್ಶನಕ್ಕಿಟ್ಟಿದ್ದರು. ಮುಟ್ಟಬೇಡಿ ಎಂದು ಮಳಿಗೆಯವನು ಹೇಳುತ್ತಲೇ ಇದ್ದ, ಆಕೆ ಗರಗಸ ಎತ್ತಿ ನನ್ನ ಕೈಗಿಟ್ಟರು.

ದುಪಟ್ಟಾ ಸೊಂಟಕ್ಕೆ ಬಿಗಿದು ನೆಲದ ಮೇಲೆ ಕೂತೆ. ಪೈಪನ್ನು ಪಾದಗಳ ನಡುವೆ ಅದುಮಿ ಹಿಡಿದು, ಒಳಗಿನ ಕಾಗದಕ್ಕೆ ಹಲ್ಲು ತಾಗದಂತೆ ಸ್ವಲ್ಪ ಕೊಯ್ದು ಸ್ವಲ್ಪ ತಿರುಗಿಸಿದೆ. ರಜೆಯಲ್ಲೆಲ್ಲ ಮಾವನ ಅಂಗಡಿಯಲ್ಲಿ ಮಾಡಿದ ಕೆಲಸವೇ. ಜನ ಮುತ್ತಿಕೊಂಡರು. ತುದಿ ಕಳಚಿ ಬಿದ್ದಾಗ ಚಪ್ಪಾಳೆಯೋ ಚಪ್ಪಾಳೆ! ನಾನು ಸುರುಳಿ ಎಳೆದುಕೊಂಡು ಓಡಿದೆ, ಆ ಗುಂಪೆಲ್ಲ ನನ್ನ ಹಿಂದೆ.

ಹಲಗೆಗೆ ಪೋಸ್ಟರ್ ಚುಚ್ಚಿ ತಿರುಗುವಷ್ಟರಲ್ಲಿ ಆರಿಸುವವರು ಎದುರಿಗಿದ್ದರು. ಭಯ ಯಾವಾಗಲೋ ಹಾರಿಹೋಗಿತ್ತು, ಕೇಳಿದ್ದಕ್ಕೆಲ್ಲ ಪಟಪಟ ಉತ್ತರ ಕೊಟ್ಟೆ. ಹಿಮದ ದಪ್ಪ ಇಷ್ಟೇ ಎಂದು ಆಕಾಶದಿಂದ ತೆಗೆದ ಚಿತ್ರ ನೋಡಿ ಹೇಗೆ ನಂಬುವುದು ಎಂದು ಒಬ್ಬರು ಕೆಣಕಿದರು.

"ನಂಬಬೇಡಿ," ಎಂದೆ. "ಅಲ್ಲೇ ಹೋಗಿ ಕೊರೆದು ನೋಡಬೇಕು. ನನ್ನನ್ನು ಕಳಿಸಿ, ನೋಡಿಕೊಂಡು ಬರುತ್ತೇನೆ."

ಸಂಜೆ ವೇದಿಕೆಯಿಂದ ನನ್ನ ಹೆಸರು ಕೂಗಿದರು.

ಮರುದಿನ ಅಂಗಡಿಗೆ ಫೋನ್ ಮಾಡಿ ಮೊದಲು ಮಾವನಿಗೆ ಸಹಸ್ರನಾಮಾರ್ಚನೆ ಮಾಡಿದೆ. "ಅಂಟಿಸ್ದೆ ಹಂಗೇ ಬುಡಕ್ಕಾಯ್ತದಾ?" ಎಂದು ಅವನೂ ರೇಗಿದ. ಹಡಗಿನ ಸುದ್ದಿ ಹೇಳಿದೆ. ಅವನು ಅಂಗಡಿಯ ಗಿರಾಕಿಗಳಿಗೆ ಕೂಗುವುದು ಕೇಳಿತು.

"ನಮ್ಮುಡ್ಗಿ ಅಂಟಾರ್ಟಿಕಾಕ್ಕೆ ಹೊಂಟವ್ಳೆ ಕಣ್ರಪ್ಪೋ! ಇವತ್ತು ಯಾಪಾರ ಇಲ್ಲ, ನಡೀರಿ ಎಲ್ರೂ!"

ಹಬ್ಬಕ್ಕೂ ಅಂಗಡಿ ಮುಚ್ಚದ ಮನುಷ್ಯ. ರಿಸೀವರ್ ಇಡುವುದನ್ನೂ ಮರೆತು ಷಟರ್ ಎಳೆದ. ಆ ಸದ್ದು ಕೇಳುತ್ತ ನಾನು ಫೋನ್ ಬೂತಿನಲ್ಲಿ ಖುಷಿಗೆ ಗಳಗಳ ಅತ್ತುಬಿಟ್ಟೆ.