ಹಸಿರು ಎಲೆಯ ಶಭಾಷ್‌ಗಿರಿ

ಹೆಸರಿಡುವುದೆಂದರೆ ನಮ್ಮ ಬೀದಿಯವರಿಗೆ ಎಲ್ಲಿಲ್ಲದ ಉತ್ಸಾಹ. ನನ್ನ ಮನೆಯ ಕೆಳಗೆ ನನ್ನಂತೆಯೇ ಬಾಡಿಗೆಗಿದ್ದ ಅಕ್ಕತಂಗಿಯರಿಗೆ ಅವರು ಇಟ್ಟ ಹೆಸರು: ತಂಗಿ ಇಸ್ತ್ರಿ, ಅಕ್ಕ ಮೇಸ್ತ್ರಿ. ತಂಗಿ ಮುಂದಿನ ಕೋಣೆಯಲ್ಲಿ ನಿಂತು ಊರವರ ಬಟ್ಟೆಗೆಲ್ಲ ಇಸ್ತ್ರಿ ಹಾಕುತ್ತಿದ್ದಳು. ಅಕ್ಕ ನೂಲಿನ ಗಿರಣಿಯಲ್ಲಿ ಮೇಸ್ತ್ರಿಯಾಗಿದ್ದು, ಅಲ್ಲಿನ ಹತ್ತಿಯ ಧೂಳನ್ನೆಲ್ಲ ಎದೆಗೂಡಿಗೆ ತುಂಬಿಕೊಂಡು ಮನೆ ಸೇರಿದವಳು. ಹಿಂದಿನ ಕೋಣೆಯ ಮಂಚದ ಮೇಲಿಂದಲೇ ಅವಳ ಮೇಸ್ತ್ರಿಕೆ ನಡೆಯುತ್ತಿತ್ತು. "ಆ ತೋಳು ಸುಕ್ಕಾಗಿದೆ ನೋಡು" ಎಂದು ಗೋಡೆಯಾಚೆಯಿಂದ ಕೂಗುತ್ತಿದ್ದಳು. ಕಾಣದ ಸುಕ್ಕು ಅವಳಿಗೆ ಹೇಗೆ ಗೊತ್ತಾಗುತ್ತಿತ್ತೋ ನಾ ಕಾಣೆ.

ಅಪ್ಪ ಅಮ್ಮ ಬೇಗ ಹೋದದ್ದರಿಂದ ತಂಗಿಯನ್ನು ಸಾಕಿದ್ದು ಅಕ್ಕನೇ. ಮೊದಲ ಇಸ್ತ್ರಿಪೆಟ್ಟಿಗೆ ಕೊಡಿಸಿದ್ದೂ ಅವಳೇ. ತಂಗಿ ಕಡ್ಡಿಯ ಹಾಗಿದ್ದರೂ ತೋಳಿನಲ್ಲಿ ಕಸುವಿತ್ತು. ಯಾರಾದರೂ ಮದುವೆಯ ಮಾತೆತ್ತಿದರೆ "ಮೊದ್ಲು ಈ ರಾಶಿ ಮುಗೀಲಿ" ಎನ್ನುತ್ತಿದ್ದಳು. ರಾಶಿ ಮುಗಿಯಲೇ ಇಲ್ಲ, ಕೇಳುವವರಿಗೂ ಸಾಕಾಗಿ ಸುಮ್ಮನಾದರು. ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ದಿನವಿಡೀ ಜನರ ಜೊತೆ ಬಾಯಿ ಬಡಿದುಕೊಂಡು ಬರುವ ನನಗೆ ಅವರ ಮನೆಯ ಬಾಗಿಲಲ್ಲಿ ಹತ್ತು ನಿಮಿಷ ನಿಂತರೆ ಜೀವ ತಣ್ಣಗಾಗುತ್ತಿತ್ತು.

ಆ ತಣ್ಣಗಿನ ದಿನಗಳು ಯಂತ್ರ ಬಂದ ಮೇಲೆ ಮುಗಿದವು. ಸೂಟ್‌ಕೇಸಿನಷ್ಟು ದೊಡ್ಡದಾದ ಅದು ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಆಮ್ಲಜನಕ ಸೋಸಿ, ಕೊಳವೆಯಲ್ಲಿ ಅಕ್ಕನ ಮೂಗಿಗೆ ಕಳಿಸುತ್ತಿತ್ತು. ಹಗಲೂ ರಾತ್ರಿ ಓಡುತ್ತಲೇ ಇರಬೇಕು ಎಂದು ಡಾಕ್ಟರು ಕಡ್ಡಿ ತುಂಡು ಮಾಡಿದಂತೆ ಹೇಳಿದ್ದರು. ಆದರೆ ನಮ್ಮೆರಡೂ ಮನೆಗೆ ಬರುವುದು ಒಂದೇ ಲೈನು, ಅದೂ ಅಜ್ಜನ ಕಾಲದ್ದು. ಕೆಳಗೆ ಇಸ್ತ್ರಿಪೆಟ್ಟಿಗೆ ಕಾದು, ಮೇಲೆ ನನ್ನ ನೀರಿನ ಹೀಟರು ಹತ್ತಿ, ಜೊತೆಗೆ ಯಂತ್ರವೂ ಓಡುತ್ತಿದ್ದರೆ ಟಪ್ಪೆಂದು ಫ್ಯೂಸ್ ಹೋಗುತ್ತಿತ್ತು. ಆಗ ತಂಗಿ ಕೈಲಿದ್ದದ್ದನ್ನು ಹಾಗೇ ಬಿಟ್ಟು ಒಳಗೆ ಓಡುತ್ತಿದ್ದಳು. ಆಪತ್ತಿಗೆಂದು ಮೂಲೆಯಲ್ಲಿಟ್ಟ ಗಿಡ್ಡ ಆಮ್ಲಜನಕದ ಸಿಲಿಂಡರಿಗೆ ಕೊಳವೆ ಸಿಕ್ಕಿಸುವಷ್ಟರಲ್ಲಿ ಅಕ್ಕನ ತುಟಿ ಕಪ್ಪಿಟ್ಟಿರುತ್ತಿತ್ತು. ಹಾಗೆ ಬಿಟ್ಟು ಓಡಿದ ದಿನಗಳಲ್ಲಿ ಎಷ್ಟೋ ಜನರ ಅಂಗಿಗಳ ಬೆನ್ನು ಸುಟ್ಟಿತು. ಲೈನು ಬದಲಾಯಿಸಿ ಎಂದು ಮನೆ ಮಾಲೀಕನ ಮುಂದೆ ಅಂಗಲಾಚಿದೆವು. "ಹಳೇ ಮನೆ, ಸ್ವಲ್ಪ ಹೊಂದ್ಕೊಂಡ್ ಹೋಗಿ" ಎಂದ ಪುಣ್ಯಾತ್ಮ. ಉಸಿರಾಟದಲ್ಲಿ ಹೊಂದಿಕೊಂಡು ಹೋಗುವುದು ಹೇಗೆಂದು ಅವನೇ ತೋರಿಸಬೇಕಿತ್ತು.

ಯಂತ್ರದ ರಿಪೇರಿಯವನು ಒಂದು ದಾರಿ ಹೇಳಿದ. ಗೋಡೆಗೆ ಹಾಕುವ ಸ್ಮಾರ್ಟ್ ಪ್ಲಗ್ ಸಿಗುತ್ತವೆ, ಯಾವ ವಸ್ತು ಎಷ್ಟು ಕರೆಂಟ್ ಎಳೆಯುತ್ತಿದೆ ಎಂದು ಫೋನಿನಲ್ಲೇ ಕಾಣುತ್ತದೆ, ಯಾವುದರ ಜೊತೆ ಯಾವುದನ್ನು ಹಚ್ಚಬಹುದೆಂದು ಗೊತ್ತಾಗುತ್ತದೆ, ಪ್ಲಗ್ ಆರಿದರೆ ಫೋನು ಕೂಗಿಕೊಳ್ಳುತ್ತದೆ. ತಂಗಿ ಅಕ್ಕನನ್ನು ಪಕ್ಕದ ಮನೆಯವಳಿಗೆ ಒಪ್ಪಿಸಿ, ಇಸ್ತ್ರಿಪೆಟ್ಟಿಗೆಯನ್ನೇ ಚೀಲದಲ್ಲಿಟ್ಟುಕೊಂಡು, ನನ್ನನ್ನೂ ಎಳೆದುಕೊಂಡು ಅಂಗಡಿಗೆ ಹೊರಟಳು.

ಅಂಗಡಿಯವನ ಸುಕ್ಕುಗಟ್ಟಿದ ಕಾಲರ್ ನೋಡಿಯೇ ಅವಳಿಗೆ ಅವನ ಮೇಲಿನ ಅರ್ಧ ನಂಬಿಕೆ ಹೋಯಿತು. ಅವನಿಗೇನು ಗೊತ್ತು, ಹೊಳೆಯುವ ಡಬ್ಬಿಯೊಂದನ್ನು ಮುಂದಿಟ್ಟ.

"ಮೇಡಂ, ಇದಕ್ಕೆ ಬಾಯಲ್ಲಿ ಹೇಳಿದ್ರೆ ಸಾಕು. ಆಫ್ ಅಂದ್ರೆ ಆಫ್ ಆಗುತ್ತೆ."

"ನಮ್ಮಕ್ಕ ದಿನಾ ಯಾರನ್ನಾದ್ರೂ ಬೈತಾನೇ ಇರ್ತಾಳೆ. ಅದು ಕೇಳಿಸ್ಕೊಂಡು ಆಫ್ ಆದ್ರೆ ಏನ್ ಮಾಡ್ಲಿ? ಬೇರೆ ತೋರ್ಸಿ."

ಎರಡನೆಯದು ತೆಳ್ಳಗೆ, ಚೆಂದವಾಗಿತ್ತು. ಚೀಲದಿಂದ ಇಸ್ತ್ರಿಪೆಟ್ಟಿಗೆ ತೆಗೆದು ನೋಡಿದರೆ ಅದರ ದಪ್ಪ ಪಿನ್ನು ಪ್ಲಗ್ಗಿನೊಳಗೆ ಹೋಗಲೇ ಇಲ್ಲ. ದಪ್ಪ ಪಿನ್ನಿನದೊಂದು ಬಂತು. ಅಂಗಡಿಯವನು ಅದರ ಬಣ್ಣ, ಗ್ಯಾರಂಟಿ, ಆ್ಯಪಿನ ಬಗೆಬಗೆಯ ಚಾರ್ಟುಗಳನ್ನು ಹೊಗಳುತ್ತಲೇ ಇದ್ದ. ತಂಗಿ ಅದ್ಯಾವುದನ್ನೂ ಕೇಳಿಸಿಕೊಳ್ಳದೆ ಕೇಳಿದಳು:

"ಕರೆಂಟ್ ಹೋಗಿ ಬಂದ್ಮೇಲೆ ಇದು ತಾನಾಗೇ ಆನ್ ಆಗುತ್ತಾ?"

"ಆಗುತ್ತೆ ಮೇಡಂ, ಎಲ್ಲಾ ಆಗುತ್ತೆ."

"ಆಗ್ಲಿ, ಮಾಡಿ ತೋರ್ಸಿ."

ಅವನು ಮುಖ ಸಿಂಡರಿಸಿಕೊಂಡು ಒಂದು ಮೇಜಿನ ದೀಪ ತಂದ. ಪ್ಲಗ್ಗಿಗೆ ದೀಪ ಸಿಕ್ಕಿಸಿ, ಹಚ್ಚಿ, ಗೋಡೆಯ ಸ್ವಿಚ್ಚು ಆರಿಸಿ ಮತ್ತೆ ಹಾಕಿದ. ದೀಪ ಹತ್ತಲಿಲ್ಲ. ಮತ್ತೊಂದು ಪ್ಲಗ್ ಹಾಕಿದ, ಅದೂ ಅಷ್ಟೇ. ನಮ್ಮ ಹಿಂದೆ ಜನ ನಿಂತು ಗೊಣಗಲು ಶುರುಮಾಡಿದರು.

"ಫೋನಲ್ಲಿ ಒಂದ್ಸಲ ಒತ್ತಿದ್ರೆ ಆನ್ ಆಗುತ್ತಲ್ಲ ಮೇಡಂ, ಅದರಲ್ಲೇನಿದೆ?"

"ನಾನು ಬಟ್ಟೆ ಕೊಡೋಕೆ ಯಾರದೋ ಮನೆ ಬಾಗಿಲಲ್ಲಿ ನಿಂತಿರ್ತೀನಪ್ಪ. ಫೋನು ಚೀಲದಲ್ಲಿರುತ್ತೆ. ನಾನದನ್ನ ನೋಡೋವರ್ಗೂ ನಮ್ಮಕ್ಕ ಉಸಿರು ಕಟ್ಕೊಂಡು ಕೂತಿರ್ಬೇಕಾ?"

ಗೊಣಗಾಟ ನಿಂತಿತು. ಅಂಗಡಿಯವನು ಬಗ್ಗಿ, ಕೆಳಗಿನ ಹಲಗೆಯಿಂದ ಧೂಳು ಹಿಡಿದ ಡಬ್ಬಿ ತೆಗೆದ. ಒಳಗಿದ್ದದ್ದು ಬಟ್ಟೆ ಸೋಪಿನಷ್ಟು ದಪ್ಪಗಿನ, ಯಾರಿಗೂ ಬೇಡವಾದ ಪ್ಲಗ್ಗು. ದೀಪ ಹಚ್ಚಿ, ಆರಿಸಿ, ಹಾಕಿದ. ಒಂದು ಕ್ಷಣ ತಡೆದು ದೀಪ ತಾನಾಗೇ ಹತ್ತಿಕೊಂಡಿತು. "ಇನ್ನೊಂದ್ಸಲ" ಎಂದಳು ತಂಗಿ. ಹತ್ತಿತು. "ಇನ್ನೊಂದೇ ಒಂದ್ಸಲ" ಎಂದಳು. ಅವಳ ಕಣ್ಣು ತುಂಬಿದ್ದನ್ನು ಕಂಡು, ಹಿಂದೆ ನಿಂತವರಲ್ಲೊಬ್ಬರು "ತೋರ್ಸಿ ಪಾಪ, ನಮಗೇನೂ ಅವಸರ ಇಲ್ಲ" ಎಂದರು. ಅಂಥವು ಎರಡು ತಂದೆವು.

ನನ್ನ ಮನೆಯ ಇಂಟರ್‌ನೆಟ್ಟಿಗೇ ಸೇರಿಸಿ, ಆ್ಯಪಿನಲ್ಲಿ ಯಂತ್ರದ ಪ್ಲಗ್ಗಿಗೆ 'ಅಕ್ಕ', ಪೆಟ್ಟಿಗೆಯದಕ್ಕೆ 'ಇಸ್ತ್ರಿ' ಎಂದು ಹೆಸರು ಕೊಟ್ಟೆ. ತಂಗಿಯ ಫೋನಿಗೆ, ನನ್ನದಕ್ಕೆ ಹಾಕಿದ್ದಾಯಿತು. "ಮೇಸ್ತ್ರಿಗೆ ತೋರಿಸ್ದೇ ಮನೇಲಿ ಮೀಟರ್ ಇಡ್ತೀರೇನ್ರೇ?" ಎಂದು ಅಕ್ಕ ಗದರಿದ್ದರಿಂದ ಅವಳ ಫೋನಿಗೂ ಹಾಕಿದೆ. ಅಂಕಿಗಳನ್ನು ನೋಡಿಕೊಂಡು ಒಂದು ಒಪ್ಪಂದಕ್ಕೆ ಬಂದೆವು. ನನ್ನ ಸ್ನಾನ ಮುಗಿದು ಹೀಟರು ಆರಿದ ಮೇಲೆಯೇ ಕೆಳಗೆ ಇಸ್ತ್ರಿಪೆಟ್ಟಿಗೆ ಕಾಯಬೇಕು. ಫ್ಯೂಸ್ ಹೋಗುವುದು ನಿಂತೇ ಹೋಯಿತು. ಬೀದಿಯಲ್ಲಿ ಕ್ಷಣಕಾಲ ಕರೆಂಟ್ ಹೋಗಿ ಬಂದಾಗಲೂ ಯಂತ್ರ ತಾನಾಗೇ ಎದ್ದು ಗುಂಯ್‌ಗುಡುತ್ತಿತ್ತು. ಸಿಲಿಂಡರಿನ ಮೇಲೆ ತಂಗಿ ಮಡಿಸಿದ ಬಟ್ಟೆ ಇಡಲು ಶುರುಮಾಡಿದಳು.

ಒಂದು ದಿನ ಆ್ಯಪಿನಲ್ಲಿ ಹಸಿರು ಎಲೆಯೊಂದು ಮೂಡಿ, "ಶಭಾಷ್! ಈ ವಾರ ನಿಮ್ಮ ಮನೆ ಕಡಿಮೆ ಕರೆಂಟ್ ಬಳಸಿದೆ" ಎಂದು ಬಂತು. ತಂಗಿ ಅದನ್ನು ಹಾಲಿನವನಿಗೂ ತೋರಿಸಿದಳು. ಇಸ್ತ್ರಿಪೆಟ್ಟಿಗೆಯ ಬಿಸಿ ಪೋಲಾಗದಂತೆ ದಪ್ಪ ಬಟ್ಟೆ ಮೊದಲು, ತೆಳು ಬಟ್ಟೆ ಆಮೇಲೆ ಹಾಕುತ್ತಿದ್ದಳಲ್ಲ, ಅದರ ಫಲ ಎಂದುಕೊಂಡಳು. ಮುಂದಿನ ವಾರವೂ ಎಲೆ ಬಂತು. "ನೋಡಕ್ಕ, ಮತ್ತೆ ಶಭಾಷ್!" ಎಂದು ಕುಣಿದಳು. ಅಕ್ಕ ಗೋಡೆ ಕಡೆ ಮುಖ ಮಾಡಿಕೊಂಡು ನಕ್ಕಳು.

ಆದರೆ ಅಕ್ಕ ಇಳಿಯುತ್ತಿದ್ದಳು. ಬೈಗುಳ ಅರ್ಧಕ್ಕೇ ನಿಲ್ಲುತ್ತಿತ್ತು. ಸಂಜೆ ತಂಗಿ ಬಟ್ಟೆ ಕೊಟ್ಟು ಬರುವ ಹೊತ್ತಿಗೆ ಉಗುರುಗಳು ನೀಲಿಯಾಗಿರುತ್ತಿದ್ದವು. ಡಾಕ್ಟರು ಗಾಳಿಯ ಪ್ರಮಾಣ ಹೆಚ್ಚಿಸಿದರು, ಆದರೂ ಅಷ್ಟಕ್ಕಷ್ಟೇ. ತಂಗಿ ಊಟ ಬಿಟ್ಟಳು. ಅಂಗಿಯ ಮೇಲೆ ಪೆಟ್ಟಿಗೆ ಓಡಿಸುತ್ತಲೇ ಕಣ್ಣೀರು ಸುರಿಸುತ್ತಿದ್ದಳು. ಹನಿ ಬಿದ್ದಲ್ಲಿ ಚುರ್ ಎಂದು ಆವಿ ಏಳುತ್ತಿತ್ತು. ಯಂತ್ರವೇ ಕೆಟ್ಟಿರಬೇಕೆಂದು ರಿಪೇರಿಯವನನ್ನು ಕರೆಸಿದಳು.

ಅವನು ಬಿಚ್ಚಿ ನೋಡಿ "ಮೆಷಿನ್ ಗುಂಡುಕಲ್ಲಿನ ಹಾಗಿದೆ" ಎಂದ. ಆಮೇಲೆ ನನ್ನ ಫೋನಿನಲ್ಲಿದ್ದ ಚಾರ್ಟನ್ನು ಬೆರಳಿನಿಂದ ಹಿಂದಕ್ಕೆ ಎಳೆಯುತ್ತಾ, "ಮಧ್ಯಾಹ್ನ ಯಾಕ್ ನಿಲ್ಲಿಸ್ತೀರಿ?" ಎಂದು ಕೇಳಿದ.

"ಕರೆಂಟ್ ಹೋಗಿರ್ಬೇಕು" ಎಂದೆ ನಾನು.

"ಕರೆಂಟ್ ಹೋದ್ರೆ ಗೆರೆಯೇ ಇರಲ್ಲ, ತುಂಡಾಗಿರುತ್ತೆ. ಇಲ್ಲಿ ಗೆರೆ ಇದೆ, ಸೊನ್ನೆಗೆ ಇಳಿದಿದೆ. ಪ್ಲಗ್ಗಲ್ಲಿ ಕರೆಂಟ್ ಇತ್ತು. ಮೆಷಿನ್ನಿನ ಸ್ವಿಚ್ಚನ್ನ ಯಾರೋ ಆರಿಸಿದಾರೆ. ದಿನಾ."

ನಾನೂ ಬಗ್ಗಿ ಫೋನು ನೋಡಿದೆ. ಪ್ಲಗ್ ಆರಿದರೆ ಮಾತ್ರ ಫೋನು ಕೂಗುತ್ತಿತ್ತು, ಯಂತ್ರದ ಸ್ವಿಚ್ಚಿನ ಗೊಡವೆ ಅದಕ್ಕಿರಲಿಲ್ಲ. ಗೆರೆ ಇಳಿದದ್ದು ತಂಗಿ ಬಟ್ಟೆಯ ಗಂಟು ಹೊತ್ತು ಹೊರಗೆ ಹೋಗುವ ಹೊತ್ತಿಗೆ. ಎದ್ದದ್ದು ಅವಳು ಬರುವುದಕ್ಕೆ ಸ್ವಲ್ಪ ಮುಂಚೆ. ಮಂಚದಿಂದ ಕೈ ಚಾಚಿದರೆ ಆ ಸ್ವಿಚ್ಚು ಸಿಗುತ್ತಿತ್ತು.

ರಿಪೇರಿಯವನು ಮೆತ್ತಗೆ ಜಾಗ ಖಾಲಿ ಮಾಡಿದ. ತಂಗಿ ಮಂಚದ ಪಕ್ಕ ನಿಂತಳು. ಅಕ್ಕನೇ ಫೋನು ಎತ್ತಿ ತೋರಿಸಿದಳು.

"ನೋಡು. ಇಡೀ ದಿನ ದುಡಿಯೋ ನಿನ್ನ ಪೆಟ್ಟಿಗೆ ಇಷ್ಟು ತಿನ್ನುತ್ತೆ. ಮಲ್ಕೊಂಡಿರೋ ನಾನು ಅದರ ಮೂರು ಪಟ್ಟು ತಿಂತೀನಿ." ಉಸಿರು ಎಳೆದುಕೊಂಡಳು. "ಗಿರಣೀಲಿ ಇಂಥ ಮೆಷಿನ್ನು ಕಂಡ್ರೆ ನಾನೇ ನಿಲ್ಲಿಸ್ತಿದ್ದೆ ಕಣೇ. ತಿನ್ನೋದು ಜಾಸ್ತಿ, ಕೊಡೋದು ಏನಿಲ್ಲ."

"ನೀನು ಮೆಷಿನ್ನಾ?" ತಂಗಿ ಕಿರುಚಿದ್ದು ಬೀದಿಗೆಲ್ಲ ಕೇಳಿಸಿತು. "ನಾನು ಪೆಟ್ಟಿಗೆ ಹೊತ್ಕೊಂಡು ಹೋಗಿ, ಅಂಗಡೀಲಿ ಎಲ್ರ ಕೈಲಿ ಗೊಣಗಿಸ್ಕೊಂಡು ಇದನ್ನ ತಂದಿದ್ದು ನಿನ್ನ ಲೆಕ್ಕ ಹಾಕೋಕಾ? ನೀನು ಉಸಿರಾಡ್ತಿದೀಯ ಅಂತ ನೋಡೋಕೆ ಕಣೇ, ಪಾಪಿ!"

ಅಷ್ಟು ಹೇಳಿ ಮುಂದಿನ ಕೋಣೆಗೆ ಹೋದವಳೇ ಇಸ್ತ್ರಿಪೆಟ್ಟಿಗೆಯನ್ನು ಕಿತ್ತು ತಂದು ಅಕ್ಕನ ಕಾಲ ಬಳಿ ಇಟ್ಟಳು. "ನಿಂದು ನಿಂತ ದಿನ ನಂದೂ ನಿಲ್ಲುತ್ತೆ. ನೀನೇ ನೋಡ್ಕೋ." ಆಮೇಲೆ ಕೈಕಟ್ಟಿ ನೆಲದ ಮೇಲೆ ಕುಳಿತಳು. ಅವಳು ಕೈಕಟ್ಟಿ ಕುಳಿತದ್ದನ್ನು ನಾನು ನೋಡಿದ್ದು ಅದೇ ಮೊದಲು. ಹೊರಗೆ ಗಿರಾಕಿಗಳು ಬಂದು ಕೂಗಿ ಹೋದರು. ಬಟ್ಟೆಯ ರಾಶಿ ಹಾಗೇ ಬಿದ್ದಿತ್ತು. ಖಾಲಿ ಕೈ ಕಂಡರೆ ಅಕ್ಕನಿಗೆ ಮೈಯೆಲ್ಲ ಉರಿಯುತ್ತದೆಂದು ತಂಗಿಗೆ ಗೊತ್ತಿತ್ತು. ಕೊನೆಗೆ ಅಕ್ಕ, "ಆಯ್ತು, ಮುಟ್ಟಲ್ಲ. ಎದ್ದೇಳು, ಕೆಲ್ಸ ನೋಡು" ಎಂದಳು. ತಂಗಿ ಏಳಲಿಲ್ಲ. "ನನ್ನ ತಲೆ ಮುಟ್ಟಿ ಹೇಳು" ಎಂದು ಹಟ ಹಿಡಿದಳು. ಅಕ್ಕ ತನ್ನ ಕೈಯನ್ನು ಅವಳ ತಲೆಯ ಮೇಲಿಟ್ಟು ತೆಗೆಯದೆ ಹಾಗೇ ಬಿಟ್ಟಳು. ನಾನು ಮೆಟ್ಟಿಲು ಹತ್ತಿ ಬಂದು ಬಾಗಿಲು ಹಾಕಿಕೊಂಡು ಅತ್ತೆ.

ಆ ವಾರ ಎಲೆಯ ಬದಲು ಕೆಂಪು ಬಾಣ ಬಂತು. "ಎಚ್ಚರಿಕೆ! ಬಳಕೆ ಹೆಚ್ಚಾಗಿದೆ." ತಂಗಿ ಮೆಟ್ಟಿಲುಗಳನ್ನು ಹಾರಿಕೊಂಡು ಬಂದು, ಪರೀಕ್ಷೆಯಲ್ಲಿ ಪಾಸಾದವಳಂತೆ ಫೋನು ನನ್ನ ಮುಖಕ್ಕೆ ಹಿಡಿದಳು. "ಕೆಂಪು ಬಂದಿದೆ ನೋಡಿ! ಅಕ್ಕ ಮಾತು ಉಳಿಸ್ಕೊಂಡಿದಾಳೆ!" ಆಮೇಲಿಂದ ನಮ್ಮೆರಡು ಮನೆಯಲ್ಲಿ ಕೆಂಪಿಗಾಗಿ ಕಾಯುವುದೇ ಅಭ್ಯಾಸವಾಯಿತು. ನಾನಂತೂ ಕೌಂಟರಿನಲ್ಲಿ ಚಿಲ್ಲರೆ ಎಣಿಸುತ್ತಲೇ ಫೋನು ಇಣುಕುತ್ತಿದ್ದೆ. 'ಅಕ್ಕ' ಎಂಬ ಹೆಸರಿನ ಎದುರು ಅಂಕಿ ಕುಣಿಯುತ್ತಿದ್ದರೆ ಸಾಲಿನಲ್ಲಿದ್ದವರಿಗೆ ಅಂದು ನನ್ನ ಬೈಗುಳ ಕಡಿಮೆ.

ಅಕ್ಕ ಕೊಟ್ಟ ಮಾತಿಗೆ ತಪ್ಪಲಿಲ್ಲ. ಆದರೆ ಅವಳ ಎದೆಗೂಡು ಯಾರಿಗೂ ಮಾತು ಕೊಟ್ಟಿರಲಿಲ್ಲ. ಒಂದು ಮಧ್ಯಾಹ್ನ ತಂಗಿ ಎದುರಿನ ಬೀದಿಯಲ್ಲಿ ಪರದೆಗಳ ಗಂಟು ಇಳಿಸುತ್ತಾ ಫೋನು ನೋಡಿದಳು. ಅಂಕಿ ಸರಿಯಾಗಿತ್ತು. ನಾನು ಕೌಂಟರಿನಿಂದ ನೋಡಿದೆ, ಸರಿಯಾಗಿತ್ತು. ಆ ಮನೆಯಾಕೆ "ಒಂದು ಲೋಟ ಚಹಾ ಕುಡ್ಕೊಂಡು ಹೋಗು" ಎಂದಾಗ, ಎಂದೂ ಕೂರದವಳು ಅಂದು ಆ ಅಂಕಿಯ ಧೈರ್ಯದ ಮೇಲೆ ಕುಳಿತು ಕುಡಿದಳು. ಮನೆಗೆ ಬಂದಾಗ ಯಂತ್ರ ಗುಂಯ್‌ಗುಡುತ್ತಿತ್ತು, ಕೊಳವೆ ಮೂಗಿನಲ್ಲೇ ಇತ್ತು, ಅಕ್ಕ ಇರಲಿಲ್ಲ.

ನಾನು ಬಂದ ಮೇಲೂ ಯಂತ್ರ ಓಡುತ್ತಲೇ ಇತ್ತು. ಆರಿಸಲು ಯಾರೋ ಕೈ ಚಾಚಿದಾಗ ತಂಗಿ ತಡೆದಳು. "ಅಕ್ಕನ್ನ ಹೊರಗೆ ಕರ್ಕೊಂಡು ಹೋಗೋವರ್ಗೂ ಓಡ್ಲಿ" ಎಂದಳು. ಆಮೇಲೆ ತಾನೇ ಬಗ್ಗಿ ಒತ್ತಿದಳು. ಆ ಸ್ವಿಚ್ಚನ್ನು ಅವಳು ಆರಿಸಿದ್ದು ಅದೊಂದೇ ಸಲ.

ಆ್ಯಪನ್ನು ಅವಳ ಫೋನಿನಿಂದ ತೆಗೆದುಹಾಕಬೇಕೆಂದು ನನಗೆ ಹೊಳೆದದ್ದು ತಡವಾಗಿ. ಮೆಟ್ಟಿಲಿಳಿದು ಹೋದರೆ ಅವಳು ಅಂಗಿಗಳ ಅಟ್ಟಿಯ ಮೇಲೆ ಫೋನು ಇಟ್ಟುಕೊಂಡು ನಿಂತಿದ್ದಳು. ಹಸಿರು ಎಲೆ ಎಂದಿಗಿಂತ ದೊಡ್ಡದಾಗಿ ಬಂದಿತ್ತು, ಸುತ್ತ ನಕ್ಷತ್ರಗಳು ಬೇರೆ ಮಿನುಗುತ್ತಿದ್ದವು.

"ಶಭಾಷ್ ಅಂತೆ" ಎಂದಳು.

ಅವಳು ಫೋನನ್ನು ಬೋರಲು ಹಾಕಿ, ಇಸ್ತ್ರಿಪೆಟ್ಟಿಗೆ ಹಚ್ಚಿ, ಅಂಗಿಯೊಂದನ್ನು ಹಾಸಿದಳು. ಒಂದು ತೋಳು ಮುಗಿಸಿ ಕೈ ತಡೆದು, ಹಿಂದಿನ ಕೋಣೆಯ ಗೋಡೆ ಕಡೆ ತಿರುಗಿ ಸ್ವಲ್ಪ ಹೊತ್ತು ನಿಂತಳು. ಏನೂ ಕೇಳಿಸಲಿಲ್ಲ. ಅದೇ ತೋಳಿಗೆ ಮತ್ತೆ ಇಸ್ತ್ರಿ ಹಾಕಿದಳು.